ಟೆನ್ಶನ್ ಆದವರ ಪಟ್ಟಿ

"ಕಣ್ಣ ಎಲ್ಲಿ ಮೇಯಾಕ ಬಿಟ್ಟೀ ಬೇ ಕೆಂಚವ್ವ? ಅಷ್ಟ ದಪ್ಪ ಕಲ್ಲ ದಾಟಿ ಹೋತು!"

ಬೆಲ್ಟಿನ ಮೇಲೆ ಒಣದ್ರಾಕ್ಷಿ ಹರಿಯುತ್ತಲೇ ಇತ್ತು. ಕೆಂಚವ್ವ ತಲೆ ಎತ್ತಲಿಲ್ಲ. ಬೈದವಳು ಸುಜಾತಾ. ದೀಪಾವಳಿಯ ತನಕ ಇದೇ ಬೆಲ್ಟಿಗೆ, ಕೆಂಚವ್ವನ ಮಗ್ಗುಲಲ್ಲೇ ನಿಂತು ತೊಟ್ಟು, ಹರಳು ಆರಿಸುತ್ತಿದ್ದವಳು. ಈಗ ಸುಪರ್‌ವೈಜರ್. ಕೂರಲು ಕುರ್ಚಿ, ಮುಖಕ್ಕೆ ಫ್ಯಾನು, ಹನ್ನೊಂದಕ್ಕೆ ಕಪ್ಪಿನಲ್ಲಿ ಚಹಾ.

ಕಾಗವಾಡದ ಹಾದಿಯಲ್ಲಿದ್ದ ಆ ಕಾರ್ಖಾನೆಯಲ್ಲಿ ಕೆಂಚವ್ವ ನಿಂತು ಹನ್ನೊಂದು ವರ್ಷವಾಗಿತ್ತು. ನಿಂತು ಎಂದರೆ ನಿಂತೇ. ತನ್ನೂರು ಜುಗೂಳದಿಂದ ಬೆಳಿಗ್ಗೆ ಟಂಟಂ ಆಟೋದಲ್ಲಿ ಬಂದಿಳಿದರೆ, ಊಟದ ಅರ್ಧ ತಾಸು ಬಿಟ್ಟು, ಸಂಜೆಯವರೆಗೆ ಮಂಡಿ ಮಡಿಸುವಂತಿರಲಿಲ್ಲ. ಸುಜಾತಾ ಬಂದು ಮೂರೇ ವರ್ಷ. ಹತ್ತನೆಯ ಇಯತ್ತೆ ಪಾಸಾಗಿದ್ದಾಳೆ, ಮ್ಯಾನೇಜರ್ ನಿಲೇಶನ ಜೊತೆ ಮರಾಠಿಯಲ್ಲಿ ಪಟಪಟ ಮಾತಾಡುತ್ತಾಳೆ. ಅಷ್ಟೇ. ರೊಟ್ಟಿ ಬಡಿಯುವಾಗಲೂ ಕೆಂಚವ್ವನ ಕಣ್ಣಮುಂದೆ ಅವಳದೇ ಮುಖ. ಬಡಿತ ಬಿರುಸಾಗಿ ರೊಟ್ಟಿ ಹರಿಯುತ್ತಿತ್ತು.

ಮಾರ್ಚಿನಲ್ಲಿ ಒಂದು ದಿನ ನಿಲೇಶ ತನ್ನ ಕಾರಿನಲ್ಲಿ ಸುಜಾತಾಳನ್ನು ಚಿಕ್ಕೋಡಿಗೆ ಕರೆದೊಯ್ದ. ಅಲ್ಲಿ ಹೋಟೆಲೊಂದರಲ್ಲಿ ತರಬೇತಿ. ಕೆಲಸಗಾರರ ಮನಸ್ಸಿನ ಒತ್ತಡವನ್ನು ಗುರುತಿಸುವುದು ಹೇಗೆ, ಕಡಿಮೆ ಮಾಡುವುದು ಹೇಗೆ ಎಂದು. ಮರುದಿನ ಊಟದ ಹೊತ್ತಿಗೆ ಹೆಂಗಸರೆಲ್ಲ ಅವಳನ್ನು ಸುತ್ತುವರಿದರು.

"ಏನ್ ಉಣಿಸಿದ್ರು?" ಕೆಂಚವ್ವ ಕೇಳಿದಳು.

"ಪುಲಾವ್, ಗುಲಾಬ ಜಾಮೂನ. ಅದಲ್ಲ ಕೆಂಚವ್ವ ಕಾಕು, ಮಾತ ಭಾಳ ಚಲೋ ಹೇಳಿದ್ರು. ಸುಮ್ಮಸುಮ್ಮನ ಸಿಟ್ಟ ಬರೂದು, ಕೆಲಸದಾಗ ತಪ್ಪ ಆಗೂದು, ನಿದ್ದಿ ಹತ್ತದಿರೂದು, ಇವೆಲ್ಲಾ ಟೆನ್ಶನ್ ಗುರ್ತಂತ. ಅಂಥಾವರನ್ನ ಕರದು ಕೇಳಬೇಕಂತ. ಕೆಲಸ ಹಗೂರ ಮಾಡಬೇಕಂತ. ನಡುನಡುಕ ಕುಂದ್ರಾಕ ಬಿಡಬೇಕಂತ. ಸಾಹೇಬ್ರು ಪಟ್ಟಿ ಮಾಡಾಕ ಹೇಳ್ಯಾರ."

ಹೆಂಗಸರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಹಂಗಾರ ನನ್ನ ಹೆಸರ ಬರಿಯವ್ವ," ಎಂದಳು ದುಂಡವ್ವ. "ಮೊನ್ನಿ ಕಣ್ಣಿಗೆ ಕತ್ತಲಿ ಬಂದ ಬಿದ್ದಿದ್ನಲ್ಲ."

"ನಂದೂ," ಎಂದಳು ಅನುಸೂಯಾ.

ಕೆಂಚವ್ವ ಬುತ್ತಿಯ ಗಂಟು ಕಟ್ಟತೊಡಗಿದಳು. ಅವಳಿಗೂ ನಿದ್ದೆ ಹತ್ತಿ ತಿಂಗಳುಗಳಾಗಿದ್ದವು. ಆದರೆ ಇವಳ ಕೈಯಿಂದ ಬರೆಸಿಕೊಳ್ಳುವುದೇ? ನೋವಿಗೂ ಇವಳೇ ಸಹಿ ಹಾಕಬೇಕೇ?

ಸೋಮವಾರ ಗೇಟಿನಲ್ಲಿ ವಾಚ್‌ಮನ್ ಕಾಡಸಿದ್ದ ದುಂಡವ್ವನನ್ನೂ ಅನುಸೂಯಾಳನ್ನೂ ತಡೆದ. ನಿಲೇಶ ಹೊರಗೆ ಬಂದ. ಮಾತು ಬೆಣ್ಣೆಯಂತಿತ್ತು.

"ಮಾವಶಿ, ನಿಮಗ ಟೆನ್ಶನ್ ಜಾಸ್ತಿ ಆಗೇತಿ. ಮನ್ಯಾಗ ಆರಾಮ ಮಾಡ್ರಿ."

"ಮತ್ತ ಎಂದ ಬರೂದ್ರಿ?"

"ಫೋನ್ ಮಾಡ್ತೇವಿ."

ಫೋನು ಬರಲಿಲ್ಲ. ಬೆಲ್ಟಿನ ಓಟ ಹಾಗೇ ಇತ್ತು, ಆರಿಸುವ ನಾಲ್ಕು ಕೈ ಕಡಿಮೆಯಾದವು.

ಎಂಟು ದಿನದ ಮೇಲೆ ನಿಲೇಶನ ಕೋಣೆಯಿಂದ ಬೈಗುಳ ಕೇಳಿಸಿತು. ಸುಜಾತಾ ಬಾಯಿಗೆ ಸೆರಗು ಒತ್ತಿಕೊಂಡು ಹಿಂದಿನ ಬಾಗಿಲಿನಿಂದ ಓಡಿದಳು. ಸಂಡಾಸಕ್ಕೆಂದು ಹೋದ ಕೆಂಚವ್ವ ನೋಡಿದಳು: ನೀರಿನ ಟಾಕಿಯ ಮರೆಯಲ್ಲಿ ಸುಜಾತಾ ಅಳುತ್ತ ವಾಂತಿ ಮಾಡುತ್ತಿದ್ದಳು. ಕೈ ಗಡಗಡ ನಡುಗುತ್ತಿತ್ತು. ಕೆಂಚವ್ವನಿಗೆ ಒಳಗೊಳಗೇ ಹಿತವೆನಿಸಿತು, ಪಟ್ಟಿ ನೆನಪಾಯಿತು. ಚಪ್ಪಲಿ ಬಿಟ್ಟು ನೇರ ನಿಲೇಶನ ಬಾಗಿಲಿಗೆ ಹೋದಳು.

"ಸಾಹೇಬ್ರ, ಆ ಗುರ್ತ ಎಲ್ಲಾ ಸುಜಾತಾಗ ಅದಾವ್ರಿ. ಅಳ್ತಾಳ, ವಾಂತಿ ಮಾಡ್ತಾಳ, ಕೈ ನಡಗತಾವು."

ನಿಲೇಶ ಮೊಬೈಲಿನಿಂದ ತಲೆ ಎತ್ತಿ ನಕ್ಕ. "ಭಾಳ ಶಾಣ್ಯಾ ಅದಿ ಮುದಕಿ. ನಾಳಿಂದ ಅಕಿ ಜಾಗಾದಾಗ ನೀನ ಕುಂದ್ರ. ಬರ್ಯಾಕ ಬರತೈತಿ?"

"ಸಹಿ ಮಾಡ್ತೇನ್ರಿ."

"ಸಾಕು. ಹೆಸರ ನೀ ಹೇಳು, ನಾ ಬರಕೋತೇನಿ."

ಮರುದಿನ ಕೆಂಚವ್ವ ಕುರ್ಚಿಯಲ್ಲಿ ಕೂತಳು. ಮೊದಲ ಒಂದು ತಾಸು ಕಾಲುಗಳಿಗೆ ನಂಬಿಕೆಯೇ ಬರಲಿಲ್ಲ. ಕಪ್ಪಿನ ಚಹಾವನ್ನು ಗುಟುಕು ಗುಟುಕಾಗಿ ಕುಡಿದಳು. ಕಪ್ಪು ಕೆಳಗಿಟ್ಟಾಗ ಬೆಲ್ಟಿನ ಎರಡೂ ಬದಿಯ ಕಣ್ಣುಗಳು ಕಂಡವು. ಯಾರೂ ತಲೆ ಎತ್ತಿರಲಿಲ್ಲ, ಆದರೂ ಓರೆಗಣ್ಣಿನಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆಯವರೆಗೂ ಅದು ಅವಳದೇ.

ನಿಲೇಶ ಬಂದು ಎಲ್ಲರೆದುರೇ ಕುರ್ಚಿಯ ಕಾಲನ್ನು ಒದ್ದ. "ಏ ರಂಡೆ, ಜಾಗಾ ಸಿಕ್ತಂತ ಮಲಗೀ ಏನ್? ಬಾಯಿ ಮಾಡು, ಇವರ ಕೈ ಓಡ್ಲಿ. ಸಂಜೀಕ ಎರಡ ಹೆಸರ ಬೇಕ ನನಗ."

ಮಧ್ಯಾಹ್ನ ಸುಜಾತಾ ಸುಪರ್‌ವೈಜರ್ ತೊಡುವ ನೀಲಿ ಕೋಟು ಮರಳಿಸಲು ಬಂದಳು. ಅದನ್ನು ಮಡಿಸಿ ಮೇಜಿನ ಮೇಲಿಟ್ಟಳು. ಕೆಂಚವ್ವ ಬೈಗುಳಕ್ಕೆ ಕಾದಳು. ಅದು ಬರಲಿಲ್ಲ.

"ನಾನ ಹೇಳಿದ್ದು ಸಾಹೇಬ್ರಿಗೆ," ಎಂದಳು ತಾನಾಗಿಯೇ. "ಬೈ. ಬಾಯಿಗೆ ಬಂದಂಗ ಬೈ."

"ಗೊತ್ತೈತಿ." ಸುಜಾತಾ ಕೋಟಿನ ತೋಳನ್ನು ಮತ್ತೊಮ್ಮೆ ನೇರ ಮಾಡಿದಳು. "ಪಟ್ಟಿಗೆ ಮೊದಲ ನಿನ್ನ ಹೆಸರ ಹಾಕು ಅಂದಿದ್ದಾ ಅಂವ. ಮುದಕಿ ಆಗ್ಯಾಳ, ಸಂಡಾಸಕ್ಕ ಭಾಳ ಸಲ ಹೋಗ್ತಾಳಂತ. ಮೂರ ಸಲ ಹೇಳಿದಾ. ನಾ ಹಾಕಲಿಲ್ಲ ಕಾಕು. ನಿನ್ನಿ ಬೈದದ್ದು ಅದಕ್ಕ."

ಆ ಕ್ಷಣದಲ್ಲೂ ಕೆಂಚವ್ವನಿಗೆ ಮೊದಲು ಆದದ್ದು ಹೊಟ್ಟೆಕಿಚ್ಚೇ. ಇಷ್ಟು ಚಿಕ್ಕವಳು ಇಷ್ಟನ್ನು ಒಳಗೇ ತಡೆದುಕೊಂಡಳಲ್ಲ, ತನ್ನಿಂದ ಒಂದು ದಿನವೂ ಆಗಲಿಲ್ಲವಲ್ಲ!

ಅವಳು ಎದ್ದಳು. ಗೋಡೆಯ ಕೆಂಪು ಗುಂಡಿಯ ಮೇಲೆ ಅಂಗೈ ಊರಿ ಒತ್ತಿದಳು. ಬೆಲ್ಟು ನಿಂತಿತು.

ನಿಲೇಶ ಓಡಿ ಬಂದ. "ಕಾಯ ಝಾಲ? ಏನಾತು? ಯಾವ ಬೋಸಡಿ ಬಂದ್ ಮಾಡಿದಾಕಿ?"

"ನಾನ್ರಿ. ಎರಡ ಹೆಸರ ಕೇಳಿದ್ರಲ್ಲ, ಬರಕೋರಿ. ಕೆಂಚವ್ವ, ಜುಗೂಳ."

"ತಲಿ ಕೆಟ್ಟೈತೇನ್?"

"ಕೆಟ್ಟೈತ್ರಿ. ಅದನ್ನ ಬರಕೋರಿ. ಮುಂದ ಸುಜಾತಾ. ದುಂಡವ್ವ, ಅನುಸೂಯಾ ಮೊದಲ ಪಟ್ಟ್ಯಾಗ ಅದಾರ, ಅಳಿಸಬ್ಯಾಡ್ರಿ."

ಆಮೇಲೆ ದ್ರಾಕ್ಷಿಯೊಳಗೆ ಕೈ ಇಟ್ಟುಕೊಂಡೇ ಒಬ್ಬಳು ತನ್ನ ಹೆಸರು ಹೇಳಿದಳು: "ರೂಪಾಲಿ."

"ನಂದೂ ಬರಕೋರಿ."

"ನಂದೂ."

ಆರೇಳು ದನಿಗಳಷ್ಟೇ. ಬೆಲ್ಟಿನ ಆ ತುದಿಯವರು ತಲೆ ತಗ್ಗಿಸಿ, ನಿಂತ ಬೆಲ್ಟಿನ ಮೇಲೂ ತೊಟ್ಟು ಆರಿಸುತ್ತಲೇ ಇದ್ದರು. ಸುಜಾತಾ ಬಾಗಿಲಲ್ಲೇ ನಿಂತಿದ್ದಳು.

"ಬಾಜೂಕ ಸರಿ ಲೇ!" ನಿಲೇಶ ಗುಂಡಿಗೆ ಕೈ ಚಾಚಿದ.

ಕೆಂಚವ್ವ ಗುಂಡಿಗೆ ಬೆನ್ನು ಕೊಟ್ಟು ನಿಂತಳು.

"ಹೆಸರ ಇನ್ನಾ ಮುಗದಿಲ್ರಿ," ಎಂದಳು.