ಕೀ ಕೊಡದೆ ಕೊಟ್ಟ ಗಡಿಯಾರ

ಅಕ್ಕನ ಕಂಪ್ಯೂಟರಿನ ಡಿಸ್ಕ್ ಸತ್ತಿತ್ತು. ಕೆಟ್ಟ ಡಿಸ್ಕಿನಿಂದ ಕಡತ ತೆಗೆದುಕೊಡುವವರೂ ಕೈಚೆಲ್ಲಿದ್ದರು. ಅವಳ ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇನ್ನೊಂದು ಡಿಸ್ಕ್ ಇದೆಯಲ್ಲೋ," ಎಂದಳು ಅಕ್ಕ. "ನೀನೇ ತಂದು ಸಿಕ್ಕಿಸಿದ್ದು. ನಕಲು ಇದರಲ್ಲಿರುತ್ತೆ ಅಂದಿದ್ದೆ."

ಅದನ್ನು ಅವನು ಆಗಲೇ ನೋಡಿದ್ದ. ಖಾಲಿ.

ಗಡಿಯಾರ ರಿಪೇರಿಯ ಭಾವನಿಗೆ ಮರೆವು ಶುರುವಾದಾಗ, ಅವರ ತಲೆಯಲ್ಲಿದ್ದುದನ್ನೆಲ್ಲ ಅಕ್ಕ ಎರಡು ವರ್ಷ ಕೂತು ಟೈಪ್ ಮಾಡಿದ್ದಳು: ಯಾವ ಗಡಿಯಾರದ ಯಾವ ಹಲ್ಲು ಸವೆಯುತ್ತದೆ, ಯಾವುದಕ್ಕೆ ಎಣ್ಣೆ ಸೋಕಿಸಬಾರದು. ಮಗಳು ಅಂಗಡಿ ನಡೆಸುವುದಕ್ಕೆ ಇದ್ದ ಆಧಾರ ಅದೊಂದೇ. ಈಗ ಭಾವ ಕಿಟಕಿಯ ಬಳಿ ಕೂತು, ತಮ್ಮದೇ ಕೈಗಡಿಯಾರವನ್ನು ತಿರುಗಿಸಿ ನೋಡುತ್ತಾ ಇದು ಯಾರದು ಎಂದು ಕೇಳುತ್ತಿದ್ದರು.

"ನಕಲು ತೆಗೆಯೋದನ್ನ ಆನ್ ಮಾಡ್ಬೇಕಿತ್ತಕ್ಕ. ಸೆಟ್ಟಿಂಗ್ಸ್ ಒಳಗಿರುತ್ತೆ."

"ಅದು ಕೇಳಿದ್ದಕ್ಕೆಲ್ಲ ಸರಿ ಅಂತ ಒತ್ತಿದೀನಿ. ಇದನ್ನ ಕೇಳ್ಲೇ ಇಲ್ವಲ್ಲ! ಹೊಸಬರಿಗೇ ಅಂತ ಮಾಡಿರೋ ಆಪರೇಟಿಂಗ್ ಸಿಸ್ಟಮ್ ಅಂತ ತಾನೇ ಹಾಕಿಕೊಟ್ಟಿದ್ದು?"

ಹಾಕಿಕೊಟ್ಟದ್ದಷ್ಟೇ ಅಲ್ಲ, ಅದನ್ನು ಮಾಡಿದ ತಂಡದಲ್ಲಿ ಅವನೂ ಒಬ್ಬ. ನಕಲು ತಾನಾಗಿಯೇ ಆಗಬೇಕೋ ಬೇಡವೋ ಎಂಬ ಚರ್ಚೆಯಲ್ಲಿ, ಬೇಕಾದವರು ಆನ್ ಮಾಡಿಕೊಳ್ಳುತ್ತಾರೆ ಎಂದು ಗಂಟಲು ಹರಿದುಕೊಂಡವನೂ ಅವನೇ. ತಂಡದ ಎಲ್ಲರಂತೆ ಅವನ ಬಳಿಯೂ ತನ್ನ ಸೆಟ್ಟಿಂಗ್ಸನ್ನೆಲ್ಲ ಬರೆದಿಟ್ಟ ಒಂದು ಕಡತವಿತ್ತು. ಹೊಸ ಕಂಪ್ಯೂಟರಿಗೆ ಅದನ್ನು ಹಾಕಿದರೆ ಅರೆಗಳಿಗೆಯಲ್ಲಿ ನಕಲು ಸಮೇತ ಎಲ್ಲವೂ ಬೇಕಾದಂತೆ ಹೊಂದಿಕೊಳ್ಳುತ್ತಿತ್ತು. ಜನರಿಗೆ ಕೊಡುವುದನ್ನು ಕೊಟ್ಟ ಹಾಗೆಯೇ ಒಂದು ದಿನವಾದರೂ ಬಳಸಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಅಕ್ಕನ ಕಂಪ್ಯೂಟರಿಗೆ ಆ ಕಡತ ಹಾಕಿರಲಿಲ್ಲ. ಅವಳಿಗೇಕೆ ಆ ತಲೆನೋವು ಅಂದುಕೊಂಡಿದ್ದ.

"ಬಳಸೋರಿಗೇ ಆಯ್ಕೆ ಇರ್ಲಿ ಅಂತ..."

"ಆಯ್ಕೆ ಇದೆ ಅಂತ ಗೊತ್ತಿರೋರಿಗೆ ಕಣೋ ಆಯ್ಕೆ." ಅಕ್ಕನ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ನಿನ್ನ ಭಾವ ಒಂದು ಗಡಿಯಾರಾನಾದ್ರೂ ಕೀ ಕೊಡದೆ, ಟೈಮ್ ಸರಿ ಮಾಡದೆ ಗಿರಾಕಿ ಕೈಗೆ ಕೊಟ್ಟಿದ್ರಾ? ಗಿರಾಕಿಗೇನು ಕೀ ಕೊಡೋಕೆ ಬರ್ತಿರ್ಲಿಲ್ವಾ?"

ಅವನು ಸ್ಕ್ರೂಡ್ರೈವರ್ ಮತ್ತೆ ಎತ್ತಿಕೊಂಡ. ಹೊಸ ಡಿಸ್ಕ್ ಜೋಡಿಸಿ ಅದೇ ಸಿಸ್ಟಮ್ ಹಾಕಿದ. ಸೆಟ್ಟಿಂಗ್ಸಿನಲ್ಲಿ ಒಂದರೊಳಗೊಂದು ನಾಲ್ಕು ಪುಟ ತೆರೆದು ಆ ಗುಂಡಿ ಒತ್ತಿದ. ನಕಲು ಮಾಡಲು ಏನೂ ಇಲ್ಲ ಎಂದು ಪರದೆ ವಿನಯದಿಂದ ತಿಳಿಸಿತು.

ಕಿಟಕಿಯ ಬಳಿ ಭಾವ ಕೈಗಡಿಯಾರವನ್ನು ಕಿವಿಗೆ ಹಿಡಿದರು. "ನಿಂತುಬಿಟ್ಟಿದೆ," ಎಂದರು. "ಯಾರಾದ್ರೂ ರಿಪೇರಿಯೋರಿಗೆ ತೋರಿಸ್ಬೇಕು."