ಎರಡು ಮಾರು ಒಳಗೆ

ಸಂಜೆ ಐದು ಗಂಟೆಯೊಳಗೆ ಪೂಜಾ ತೀರ್ಮಾನ ಮಾಡಬೇಕಿತ್ತು. ಎಂ.ಟೆಕ್ಕೋ, ಎಂಬಿಎಯೋ. ಎರಡೂ ಪರೀಕ್ಷೆ ಬರೆದು ಎರಡರಲ್ಲೂ ಸೀಟು ಸಿಗುವಷ್ಟು ಅಂಕ ತೆಗೆದಿದ್ದಳು. ಮೊಬೈಲಿನಲ್ಲಿ ಕಾಲೇಜುಗಳ ಪಟ್ಟಿ ತುಂಬಿ ಒತ್ತುವುದೊಂದೇ ಬಾಕಿ. ಆ ಒಂದು ಒತ್ತುವಿಕೆಗೆ ಬೆರಳೇ ಏಳುತ್ತಿರಲಿಲ್ಲ.

ಸುಸ್ತಾಗಿದ್ದಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷದಿಂದ ಹುಣಸೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿಗೆ ಸಿಗುವ ಮರ್ಯಾದೆ ಗೊತ್ತೇ ಇದೆಯಲ್ಲ! ವರ್ಷಕ್ಕೊಮ್ಮೆ ಹೋಗಿ ಅನ್ನುತ್ತಾರೆ, ಮತ್ತೆ ಬನ್ನಿ ಅನ್ನಲು ಮೂರು ತಿಂಗಳು ತಡ ಮಾಡುತ್ತಾರೆ. ತನ್ನೂರು ರಾವಂದೂರಿನಿಂದ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಹೇಳಿ, ನಿಂತೇ ವಾಪಸ್ಸು.

ಮಾವ ಮಹೇಶ್‌ಕುಮಾರ್ ಬೆಳಿಗ್ಗೆಯೇ ಫೋನ್ ಮಾಡಿದ್ದ. ಅವನು ಎಂಬಿಎ ಓದಿ, ಕಂಪಲಾಪುರದ ಹರಾಜಿನಲ್ಲಿ ಕಂಪನಿ ಪರವಾಗಿ ಹೊಗೆಸೊಪ್ಪು ಕೊಳ್ಳುವವನು. "ಎಂಬಿಎ ಮಾಡು ಕಣವ್ವ. ನಿಮ್ಮಪ್ಪ ಮೂರು ತಿಂಗ್ಳು ಬೆಂಕಿ ಮುಂದೆ ಬೇಯ್ತಾನೆ, ನಾನು ಒಂದು ನಿಮಿಷದಲ್ಲಿ ಬೆಲೆ ಹೇಳಿ ಮುಂದಕ್ಕೆ ಹೋಯ್ತೀನಿ. ಬೇಯೋರ ಕಡೆ ಇರ್ತೀಯೋ, ಬೆಲೆ ಹೇಳೋರ ಕಡೆ ಇರ್ತೀಯೋ, ನೀನೇ ನೋಡ್ಕೊ."

ಮಾತೇನೋ ಸರಿಯೇ. ಕೇಳಿದವರಿಗೆಲ್ಲ ಪೂಜಾ ಕೂಡ ಅದನ್ನೇ ಹೇಳುತ್ತಾ ಬಂದಿದ್ದಳು, ಎಂಬಿಎಗಾದರೆ ಕೆಲಸ ಸಿಗುತ್ತದೆ ಅಂತ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿಜ ಏನೆಂದರೆ ಅವಳಿಗೆ ಭಯ.

ಇಂಜಿನಿಯರಿಂಗಿನ ಕೊನೆಯ ವರ್ಷ ಅಪ್ಪನ ಬ್ಯಾರನ್ನಿನಲ್ಲೇ ಪ್ರಾಜೆಕ್ಟ್ ಮಾಡಿದ್ದಳು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಕಡ್ಡಿಗೆ ಕಟ್ಟಿದ ಎಲೆಯನ್ನು ಸಾಲುಸಾಲಾಗಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ಹಳದಿ ಬರಿಸುತ್ತಾರೆ. ಅಪ್ಪ ಚೆಲುವಯ್ಯ ಗೋಡೆಗೆ ಅಂಗೈ ಇಟ್ಟೇ ಕಾವು ಹೇಳುವವನು. ಅಂಥವನಿಗೆ, "ಕೈ ತೆಗಿ ಅಪ್ಪ, ಇನ್ಮೇಲೆ ಇದು ಹೇಳ್ತದೆ" ಎಂದು ಹೊಸ ಥರ್ಮಾಮೀಟರು ಕಟ್ಟಿದ್ದಳು. ಅದು ಕಾವು ಕಡಿಮೆ ಅಂದಿತು, ಇವಳು ಸೌದೆ ಹಾಕಿಸಿದಳು. ಮತ್ತೂ ಕಡಿಮೆ ಅಂದಿತು, ಮತ್ತೂ ಹಾಕಿಸಿದಳು. ಬಾಗಿಲು ತೆಗೆದಾಗ ಒಂದು ಬ್ಯಾರನ್ ಸೊಪ್ಪು ಪೂರಾ ಕಪ್ಪಾಗಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಬ್ಯಾರನ್ ಕಡೆ ಕಾಲಿಟ್ಟಿರಲಿಲ್ಲ. ಇನ್ನು ಎಂ.ಟೆಕ್ ಎಂದರೆ ಮತ್ತೆ ಅದೇ ಕಾವು, ಅದೇ ಲೆಕ್ಕ.

ಮಧ್ಯಾಹ್ನ ಅವ್ವ ಲಕ್ಷ್ಮಿದೇವಿ ಬುತ್ತಿ ಕೈಗಿಟ್ಟಳು. "ನಂಗೆ ಮಂಡಿ ನೋವು. ನಿಮ್ಮಪ್ಪಂಗೆ ಕೊಟ್ಬುಟ್ಟು ಬಾ."

ಬೇರೆ ದಾರಿಯಿಲ್ಲದೆ ಹೋದಳು. ಅಪ್ಪ ಬ್ಯಾರನ್ನಿನ ಕಿಟಕಿಯ ಗಾಜಿಗೆ ಮುಖ ಒತ್ತಿ ಟಾರ್ಚ್ ಬಿಟ್ಟು ಒಳಗೆ ನೋಡುತ್ತಿದ್ದ. ಗೋಡೆಯ ಮೇಲೆ ಅಂಗೈ ಇರಲಿಲ್ಲ.

"ಏನಪ್ಪ ನೋಡ್ತಿದ್ದೀಯ?"

"ನಿನ್ನ ಥರ್ಮಾಮೀಟ್ರು."

ಬುತ್ತಿ ಕೈಯಲ್ಲೇ ಉಳಿಯಿತು. "ಅದಿನ್ನೂ ಇಟ್ಕೊಂಡಿದ್ದೀಯಾ?"

"ನಾಕು ವರ್ಷದಿಂದ ಅದ್ರಲ್ಲೇ ಬೇಯಿಸ್ತಿರೋದು. ನೀನು ಬಾಗ್ಲತ್ರ ಕಟ್ಟಿದ್ದೆ ಕಣವ್ವ, ಸಂದಿ ಗಾಳಿ ಬಡೀತಿತ್ತು. ಅದ್ಕೇ ಕಮ್ಮಿ ತೋರುಸ್ತು. ನಾನು ಎರಡು ಮಾರು ಒಳಕ್ಕೆ ಸರಿಸ್ದೆ, ಅಷ್ಟೇಯ. ಈಗ ಸೌದೆನೂ ಉಳೀತದೆ."

ಅಷ್ಟೇಯ! ಎರಡು ಮಾರು. ಪೂಜಾಳಿಗೆ ನಗು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. "ಮತ್ತೆ ನಂಗ್ಯಾಕೆ ಹೇಳ್ನಿಲ್ಲ?"

"ನೀನು ಈ ಕಡೆ ಬರ್ನೇ ಇಲ್ವಲ್ಲ. ಬತ್ತೀಯ, ತೋರ್ಸಾನ ಅಂತ ನಾನೂ ಕಾದೆ. ಬ್ಯಾರನ್ ಮಾತು ಎತ್ತುದ್ರೆ ಎದ್ದು ಹೋಯ್ತಿದ್ದೆ."

ಅವಳು ಸೌದೆ ರಾಶಿಯ ಮೇಲೆ ಕೂತು ಅತ್ತಳು. ನಾಲ್ಕು ವರ್ಷ ಬಸ್ಸಿನಲ್ಲಿ ನಿಂತಷ್ಟೂ ಹೊತ್ತಿನ ಸುಸ್ತು ಒಮ್ಮೆಗೇ ಮೇಲೆ ಬಂತು. ಅಪ್ಪ ಸಮಾಧಾನ ಹೇಳುವ ಪೈಕಿ ಅಲ್ಲ. ಬುತ್ತಿ ಬಿಚ್ಚಿ, ಮುದ್ದೆ ಮುರಿದು ಉಂಡ. ಕೈ ತೊಳೆದು ಬಂದು ಟಾರ್ಚನ್ನು ಅವಳ ಮುಂದೆ ಹಿಡಿದ.

"ಎಷ್ಟದೆ ನೋಡು. ನಂಗೀಗ ಕಣ್ಣು ಮಂಜು."

ಗಾಜಿಗೆ ಮುಖ ಒತ್ತಿದಳು. ಕೆಳಗಿನ ಸಾಲಿನ ನಡುವಿನ ಕಡ್ಡಿಯಲ್ಲಿ ಅವಳದೇ ಥರ್ಮಾಮೀಟರು, ಅಪ್ಪನ ಹಳೇ ಪಂಚೆಯ ಅಂಚಿನಿಂದ ಬಿಗಿದದ್ದು. ಸುತ್ತಲೂ ಎಲೆ ಹಳದಿಗೆ ತಿರುಗಿತ್ತು.

"ನೂರ ಹದಿನೈದು ಫ್ಯಾರನ್‌ಹೀಟ್."

"ಸೌದೆ ಹಾಕ್ಲಾ?"

ಕೇಳಿ ಅವಳ ಮಾತಿಗೆ ಕಾಯುತ್ತ ನಿಂತ. ಪೂಜಾ ಇನ್ನೊಮ್ಮೆ ಎಲೆ ನೋಡಿದಳು, ಅಂಕಿ ನೋಡಿದಳು.

"ಬ್ಯಾಡ. ಮೊದ್ಲು ಮೇಲಿನ ಗಾಳಿಕಿಂಡಿ ತೆಗಿ, ನೀರಂಶ ಹೋಗ್ಲಿ."

ಆಗ ಗಂಟೆ ನಾಲ್ಕೂವರೆ. ಮೊಬೈಲು ತೆಗೆದು ಎಂ.ಟೆಕ್ಕಿನ ಪಟ್ಟಿ ತುಂಬಿ ಒತ್ತಿದಳು. ಸುಸ್ತೇನೂ ಹೋಗಿರಲಿಲ್ಲ, ಇನ್ನೂ ಎರಡು ವರ್ಷ ಬಸ್ಸು ತಪ್ಪಿದ್ದಲ್ಲ. ತಲೆಯೆತ್ತಿದರೆ ಅಪ್ಪ ಆಗಲೇ ಏಣಿ ಹತ್ತಿ ಗಾಳಿಕಿಂಡಿ ತೆಗೆಯುತ್ತಿದ್ದ. ಯಾಕೆ ತೆಗೀಬೇಕು ಅಂತ ಒಂದು ಮಾತೂ ಕೇಳಿರಲಿಲ್ಲ.