ಬಾಮೈದನ ಮೇಲೆ ಬಿದ್ದ ನಂಬರ್ ಪ್ಲೇಟು

ನನ್ನ ಬೈಕಿನ ವೇಗ ಎಂಥದ್ದೆಂದರೆ, ಚಿಲಮತ್ತೂರಿನಲ್ಲಿ ಕಿಕ್ ಹೊಡೆದ ಸದ್ದು, ನಾನು ಹಿಂದೂಪುರಕ್ಕೆ ಬಂದು ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ ನನ್ನ ಕಿವಿ ಮುಟ್ಟುತ್ತದೆ. ಅಂಥ ಬೈಕಿನ ಹಿಂದಿನ ನಂಬರ್ ಪ್ಲೇಟು ಹೋದ ವಾರ ಹಾಡಹಗಲೇ ಮಾಯವಾಯಿತು. ಕಳ್ಳರ ದೊಡ್ಡ ಗುಂಪೇ ಬಂದಿರಬೇಕು, ಒಬ್ಬಿಬ್ಬರಿಗೆ ನನ್ನ ಬೈಕು ಮುಟ್ಟುವ ಧೈರ್ಯವೆಲ್ಲಿ ಎಂದು ಹೆಂಡತಿ ಶ್ರೀಲತಾಗೆ ಹೇಳಿದೆ. ಅವಳು ನಂಬಿದಳು. ನಂಬಿ, ನನ್ನನ್ನು ಸ್ಟೇಷನ್ನಿಗೆ ಹೊರಡಿಸಿ, ತಾನೂ ಜೊತೆಗೆ ಬಂದಳು.

ಹೆಡ್ ಕಾನ್‌ಸ್ಟೇಬಲ್ ಅಮರೇಶಪ್ಪನವರು ದೂರು ಬರೆದುಕೊಂಡರು. ಇದರ ರಸೀದಿ, ಆರ್.ಸಿ., ಇನ್ಶೂರೆನ್ಸ್ ಇಟ್ಟು ಹೊಸ ಪ್ಲೇಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕು, ಅಲ್ಲಿಯವರೆಗೆ ಬೈಕು ಹೊರಗೆ ತೆಗೆಯಬೇಡ ಎಂದರು. ನಿನ್ನ ನಂಬರು ಹಾಕಿಕೊಂಡವನು ಯಾರಿಗಾದರೂ ಗುದ್ದಿದರೆ ಪೊಲೀಸರು ಬರುವುದು ನಿನ್ನ ಮನೆಗೇ ಎಂದು ಹೆದರಿಸಿದರು.

"ಯಾರ ಮೇಲಾದ್ರೂ ಅನುಮಾನ ಐತೇನಪ್ಪ ಸುರೇಂದ್ರ?"

ಭೀಮೇಶ ಎಂದೆ. ಶ್ರೀಲತಾಳ ತಮ್ಮ, ಕಲ್ಯಾಣದುರ್ಗದವನು. ಪ್ರತಿ ವರ್ಷ ಇಲ್ಲಿನ ಮಾರ್ಕೆಟ್ಟಿನಿಂದ ಅತ್ತೆಮನೆಗೆ ಒಂದು ಮೂಟೆ ಹುಣಸೆಹಣ್ಣು ಕಳಿಸುವವನು ನಾನು. ನಾನು ಆರಿಸಿದ ಹುಣಸೆಯಿಂದಲೇ ಅರ್ಧ ಕಲ್ಯಾಣದುರ್ಗಕ್ಕೆ ಸಾರು. ಅವತ್ತು ಮೂಟೆ ಒಯ್ಯಲು ಬಂದವನು ಅವನೊಬ್ಬನೇ. ಅವನದೂ ಕಪ್ಪು ಬೈಕೇ, ಇನ್ಶೂರೆನ್ಸ್ ಬೇರೆ ಇಲ್ಲ. ಮಗನಂತೆ ನೋಡಿಕೊಂಡವನೇ ಬೆನ್ನಿಗೆ ಚೂರಿ ಹಾಕಿದ ಎಂದು ಕಣ್ಣು ಒರೆಸಿಕೊಂಡೆ.

ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಶ್ರೀಲತಾ. ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತೇ ಫೋನ್ ಮಾಡಿದಳು. "ಇನ್ಮೇಲೆ ನಮ್ಮನೆ ಬಾಗ್ಲಿಗೆ ಬರಬ್ಯಾಡ ಕಣ್ಲಾ." ಅಷ್ಟೇ. ಮನೆಗೆ ಬಂದು ಒಲೆಯನ್ನೂ ಹಚ್ಚಲಿಲ್ಲ.

ಮರುದಿನ ಭೀಮೇಶ ಬಂದ. ಹೊಸ್ತಿಲಾಚೆಯೇ ನಿಂತ. ಕೈಯಲ್ಲಿ ನನ್ನ ಪ್ಲೇಟು, ಅದರ ತುಂಬ ಅಂಟಿದ ಹುಣಸೆಹಣ್ಣು. ಅತ್ತೆ ಚೌಡಕ್ಕ ಬೀಜ ತೆಗೆಯಲೆಂದು ಮೂಟೆ ಬಿಚ್ಚಿದಾಗ ನಡುವೆ ಸಿಕ್ಕಿತಂತೆ, ಜೊತೆಗೆ ಬೋಲ್ಟು ಕಟ್ಟಿದ್ದ ಒಂದು ಕರ್ಚೀಫು. ಅದನ್ನು ಅಕ್ಕನ ಕೈಗೆ ಕೊಟ್ಟ. ಮೂಲೆಯಲ್ಲಿ ಅವಳೇ ನನಗೆ ಹಾಕಿಕೊಟ್ಟ ಕಸೂತಿ ಹೂವು.

"ಮೂಟೆ ಬಾಯಿ ಹೊಲಿದು ನನ್ ಕೈಗೆ ಕೊಟ್ಟೋರು ಯಾರು ಅಂತ ಕೇಳಕ್ಕಾ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೇನೇಮಿ ಚೇಸಾನು ಬಾವಾ? ನಾನೇನ್ ಮಾಡಿದ್ದೆ ನಿಂಗೆ?"

ಕಳ್ಳರ ಗುಂಪಿನ ಬಗ್ಗೆ ಬಾಯಿ ತೆರೆದೆ. ಶ್ರೀಲತಾ ಕರ್ಚೀಫಿನಿಂದ ಕಣ್ಣೆತ್ತಿ ನೋಡಿದಳು. ಬಾಯಿ ಮುಚ್ಚಿದೆ.

ಆಮೇಲೆ ಹೇಳಿದೆ. ಬಸ್‌ಸ್ಟ್ಯಾಂಡಿಗೆ ಹೋಗುವ ಸರ್ಕಲ್ಲಿನಲ್ಲಿ ಪೊಲೀಸರು ಫೋಟೋ ಹೊಡೆಯುತ್ತಿದ್ದರು, ನನ್ನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ನಂಬರು ಫೋಟೋಗೆ ಸಿಕ್ಕರೆ ದಂಡ ಬೀಳುತ್ತದೆಂದು ಪ್ಲೇಟು ಬಿಚ್ಚಿ ಮೂಟೆಯೊಳಗೆ ತುರುಕಿ ನಾನೇ ಹೊಲಿದೆ. ಭೀಮೇಶ ಮೂಟೆಯೊಂದಿಗೆ ಹತ್ತಿದ ಬಸ್ಸು ಹೊರಟ ಮೇಲೆ ಪ್ಲೇಟಿನ ನೆನಪಾಯಿತು. ಕಳ್ಳರನ್ನು ಹುಟ್ಟಿಸಿದ್ದು ಮರ್ಯಾದೆಗೆ. ಆದರೆ ಭೀಮೇಶನ ಹೆಸರು ಬಾಯಿತಪ್ಪಿ ಬಂದದ್ದಲ್ಲ. ಪ್ಲೇಟು ಎಂದಾದರೂ ಅವರ ಮನೆಯಲ್ಲೇ ಹೊರಬರುತ್ತದೆ, ಅಷ್ಟರಲ್ಲಿ ಅವನು ಕಳ್ಳನಾಗಿಬಿಟ್ಟಿದ್ದರೆ ನಾನು ಉಳಿದುಕೊಳ್ಳುತ್ತೇನೆ ಎಂದು ಗೊತ್ತಿದ್ದೇ ಹೇಳಿದೆ.